ಬೆಳಗಿನ ಗಡಿಬಿಡಿಗೆ ಮುಂಚೆಯೇ ಆಗಬೇಕಾದ ತೀರ್ಮಾನಗಳು

ಶಾಲೆಯ ಆರೋಗ್ಯ ಕೊಠಡಿಯಲ್ಲಿ ನರ್ಸ್ ಆಗಿರುವ ನನಗೆ ವರ್ಷದಲ್ಲಿ ಅತಿ ಹೆಚ್ಚು ಕೆಲಸವಿರುವುದು ದೀರ್ಘ ರಜೆ ಮುಗಿದು ಮಕ್ಕಳು ಮರಳಿ ಬರುವ ಮೊದಲ ಮೂರು ನಾಲ್ಕು ವಾರಗಳಲ್ಲಿ. ಪರೀಕ್ಷೆಯ ದಿನಗಳಾಗಲಿ ಕ್ರೀಡಾಕೂಟವಾಗಲಿ ಅದರ ಹತ್ತಿರವೂ ಬರುವುದಿಲ್ಲ. ಅಷ್ಟು ದಿನ ಬೇರೆ ಬೇರೆ ಮನೆಗಳಲ್ಲಿದ್ದ ಮಕ್ಕಳು ಒಮ್ಮೆಲೇ ಒಂದೇ ಕೋಣೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಗೆ ಮೈ ಒಗ್ಗಿತೆಂದರೆ ಇನ್ನೊಂದಕ್ಕೆ ಒಗ್ಗಿದೆ ಎಂದರ್ಥವಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಆದ್ದರಿಂದ ನೆಗಡಿಯೇ ಬಾರದಂತೆ ಮಾಡುತ್ತೇನೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ತಡೆಯಬಹುದಾದದ್ದು ಬೇರೆ ಬಹಳಷ್ಟಿದೆ.

ವರ್ಷಗಳ ಕಾಲ ನೋಡಿದ ಮೇಲೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ಮಗುವನ್ನು ಇವತ್ತು ಕಳಿಸಬೇಕೇ ಬೇಡವೇ, ಇನ್ಹೇಲರ್ ಎಲ್ಲಿದೆ, ಇವಳು ಏಕೆ ಇನ್ನೂ ಎದ್ದಿಲ್ಲ ಎಂಬ ಪ್ರಶ್ನೆಗಳೆಲ್ಲ ಮನೆಯಲ್ಲಿ ಹುಟ್ಟುವುದು ಶಾಲೆಯ ಬಸ್ ಬರಲು ಹತ್ತು ನಿಮಿಷ ಉಳಿದಿರುವಾಗ. ಆ ಹೊತ್ತಿನಲ್ಲಿ ಎಂಥ ತಾಯಿತಂದೆಯರಿಗೂ ನಿಂತು ಯೋಚಿಸುವ ಬಿಡುವಿರುವುದಿಲ್ಲ. ಹಾಗಾಗಿ ಶಾಲೆ ತೆರೆಯುವ ಎರಡು ವಾರ ಮೊದಲೇ ಪ್ರತಿ ಮನೆಗೂ ಒಂದು ಪುಟದ ಪತ್ರ ಕಳಿಸುವ ರೂಢಿ ಮಾಡಿಕೊಂಡೆ. ತೀರ್ಮಾನಗಳನ್ನು ಬಿಡುವಿರುವಾಗಲೇ ಮಾಡಿಕೊಳ್ಳಿ ಎಂಬುದಷ್ಟೇ ಅದರ ತಿರುಳು.

ಪತ್ರದ ಮೊದಲ ಸಾಲು ನಿದ್ರೆಯದು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ರಜೆಯಲ್ಲಿ ಮಕ್ಕಳು ತಡವಾಗಿ ಮಲಗಿ ತಡವಾಗಿ ಏಳುವುದಕ್ಕೆ ಒಗ್ಗಿರುತ್ತಾರೆ. ಅವರನ್ನು ಬೇಗ ಮಲಗಿಸಲು ಹೊರಟರೆ ಸಾಮಾನ್ಯವಾಗಿ ಜಗಳವೇ ಆಗುತ್ತದೆ, ನಿದ್ರೆ ಬರುವುದಿಲ್ಲ. ಮೊದಲು ಬದಲಿಸಬೇಕಾದದ್ದು ಏಳುವ ಸಮಯವನ್ನು. ಒಂದೆರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಬೇಗ ಎಬ್ಬಿಸಿ, ಎದ್ದ ಕೂಡಲೇ ಬೆಳಕಿಗೆ ಕರೆತಂದರೆ, ರಾತ್ರಿಯ ನಿದ್ರೆ ತಾನಾಗಿ ಮುಂಚೆ ಬರತೊಡಗುತ್ತದೆ. ದೇಹದ ಗಡಿಯಾರವನ್ನು ತಿರುಗಿಸುವುದರಲ್ಲಿ ಬೆಳಗಿನ ಬೆಳಕಿನಷ್ಟು ಬಲವಾದದ್ದು ಇನ್ನೊಂದಿಲ್ಲ. ಮೊಬೈಲ್ ಮಲಗುವ ಕೋಣೆಯ ಹೊರಗಿರಲಿ ಎಂದು ನಾನು ಖಂಡಿತವಾಗಿ ಹೇಳುತ್ತೇನೆ, ಅದರಲ್ಲಿ ರಾಜಿಯಿಲ್ಲ. ಮೊದಲ ವಾರ ತಲೆನೋವೆಂದು ನನ್ನ ಬಳಿ ಬರುವ ಮಕ್ಕಳನ್ನು ನಾನು ಕೇಳುವ ಪ್ರಶ್ನೆಗಳು ಎರಡೇ: ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ, ಬೆಳಗ್ಗೆ ಏನಾದರೂ ತಿಂದು ಬಂದೆಯಾ. ಬಹುತೇಕ ತಲೆನೋವಿನ ಕಾರಣ ಅಲ್ಲೇ ಸಿಗುತ್ತದೆ.

ನನಗೆ ನಿಜವಾದ ಆತಂಕವಿರುವುದು ಆಸ್ತಮಾ ಇರುವ ಮಕ್ಕಳ ಬಗ್ಗೆ. ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆಯುವ ಬ್ರಿಟನ್, ಕೆನಡಾ, ಅಮೆರಿಕದಂಥ ದೇಶಗಳಲ್ಲಿ ಆ ತಿಂಗಳು ಆಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಪ್ರತಿ ವರ್ಷವೂ ಏರುತ್ತದೆ. ಕಾರಣಗಳು ಗೊತ್ತಿರುವಂಥವೇ. ಒಂದು, ತರಗತಿಯಲ್ಲಿ ಹರಡುವ ಅದೇ ನೆಗಡಿಯ ವೈರಸ್. ಇನ್ನೊಂದು, ರಜೆಯಲ್ಲಿ ಮಗು ಚೆನ್ನಾಗಿದೆ ಎಂದು ನಿತ್ಯ ಎಳೆದುಕೊಳ್ಳಬೇಕಾದ ಇನ್ಹೇಲರ್ ನಿಲ್ಲಿಸಿಬಿಟ್ಟಿರುವುದು. ಉಸಿರುನಾಳದ ಊತವನ್ನು ಅಡಗಿಸಿಡುವ ಆ ಔಷಧ ಎಳೆದುಕೊಂಡ ಕೂಡಲೇ ಫಲ ಕೊಡುವಂಥದ್ದಲ್ಲ, ಅದರ ಪರಿಣಾಮ ನಿಧಾನವಾಗಿ ದಿನಗಟ್ಟಲೆ, ವಾರಗಟ್ಟಲೆ ಕೂಡಿಬರುತ್ತದೆ. ಶಾಲೆ ತೆರೆದ ದಿನ ಮತ್ತೆ ಶುರು ಮಾಡಿದರೆ ತಡವಾಯಿತು. ಅದಕ್ಕೇ ಎರಡು ವಾರ ಮೊದಲ ಪತ್ರ. ವೈದ್ಯರು ಹೇಳಿರುವ ಪ್ರಮಾಣಕ್ಕೆ ಅಂದೇ ಮರಳಿ, ನೀವಾಗಿಯೇ ನಿಲ್ಲಿಸಬೇಡಿ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತೇನೆ.

ಶಾಲೆ ಶುರುವಾದ ಮೊದಲ ದಿನಗಳಲ್ಲೇ ಆಸ್ತಮಾ ಇರುವ ಪ್ರತಿ ಮಗುವನ್ನೂ ಕರೆದು ಕೂರಿಸಿ, ಇನ್ಹೇಲರ್ ಹೇಗೆ ಬಳಸುತ್ತೀಯೆಂದು ತೋರಿಸು ಎನ್ನುತ್ತೇನೆ. ಇದನ್ನು ಬಿಡಲೇಬಾರದು. ವರ್ಷಗಳಿಂದ ಬಳಸುತ್ತಿರುವ ಮಕ್ಕಳಲ್ಲೂ ಅನೇಕರು ಅದನ್ನು ಅಲುಗಾಡಿಸುವುದಿಲ್ಲ, ಇಲ್ಲವೇ ಎರಡು ಪಫ್ ಒಟ್ಟಿಗೇ ಒತ್ತಿಬಿಡುತ್ತಾರೆ. ಆಗ ಔಷಧದ ಬಹುಪಾಲು ಬಾಯಿಗೂ ಗಂಟಲಿಗೂ ಅಂಟುತ್ತದೆ, ಎದೆಗೆ ಇಳಿಯುವುದಿಲ್ಲ. ಸ್ಪೇಸರ್, ಅಂದರೆ ಇನ್ಹೇಲರ್‌ಗೆ ಜೋಡಿಸುವ ಟೊಳ್ಳು ಕೊಳವೆ, ಸಿಕ್ಕಿಸಿ, ಅಲುಗಾಡಿಸಿ, ಒಂದು ಪಫ್ ಒತ್ತಿ, ನಿಧಾನವಾಗಿ ಐದು ಉಸಿರು, ಆಮೇಲೆ ಇನ್ನೊಂದು. ನಿತ್ಯದ ಸ್ಟೀರಾಯ್ಡ್ ಇನ್ಹೇಲರ್ ಆಗಿದ್ದರೆ ಕೊನೆಯಲ್ಲಿ ಬಾಯಿ ಮುಕ್ಕಳಿಸಬೇಕು. ತುರ್ತಿಗೆ ಬಳಸುವ ಇನ್ಹೇಲರ್‌ನ ಅವಧಿ ಮುಗಿಯುವ ದಿನಾಂಕವನ್ನು ನಾನೇ ಓದಿ ಬರೆದಿಡುತ್ತೇನೆ. ಅದು ಬೀಗ ಹಾಕಿದ ಕಪಾಟಿನಲ್ಲಿ ಇರಕೂಡದು, ಮಗುವಿನ ಕೈಗೆಟುಕುವಲ್ಲಿ ಇರಬೇಕು. ಶಿಕ್ಷಕರಿಗೂ ಅಪಾಯದ ಗುರುತುಗಳನ್ನು ಹೇಳಿಕೊಡುತ್ತೇನೆ: ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುವುದು, ತುಟಿ ನೀಲಿಗಟ್ಟುವುದು. ಇವುಗಳಲ್ಲಿ ಒಂದು ಕಂಡರೂ ಇನ್ಹೇಲರ್ ಕೊಡುತ್ತಲೇ ಆಂಬುಲೆನ್ಸ್ ಕರೆಯಬೇಕು, ಮೊದಲು ಪೋಷಕರಿಗೆ ಫೋನ್ ಮಾಡುತ್ತ ಕೂರಬಾರದು.

ಇನ್ನು ಜ್ವರದ ವಿಷಯ. ಬೆಳಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಕಳಿಸಿದ ಮಗು ಮೊದಲ ತರಗತಿಗಳಲ್ಲಿ ಲವಲವಿಕೆಯಿಂದಲೇ ಇರುತ್ತದೆ. ಔಷಧದ ಪ್ರಭಾವ ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತದೆ. ಊಟದ ಹೊತ್ತಿಗೆ ಮಗು ಮೇಜಿನ ಮೇಲೆ ತಲೆಯಿಟ್ಟು ಮಲಗಿರುತ್ತದೆ, ಅಷ್ಟರಲ್ಲಿ ಅಕ್ಕಪಕ್ಕದವರಿಗೆಲ್ಲ ಸೋಂಕು ದಾಟಿರುತ್ತದೆ. ಹೀಗೆ ಕಳಿಸುವ ಪೋಷಕರನ್ನು ನಾನು ಎಂದೂ ಗದರಿಲ್ಲ. ಅವರಿಗೆ ಕೆಲಸಕ್ಕೆ ರಜೆ ಸಿಗುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಅದಕ್ಕಾಗಿ ಪತ್ರದ ಕೆಳಗೆ ಒಂದು ಖಾಲಿ ಜಾಗ ಬಿಟ್ಟಿರುತ್ತೇನೆ: ಮಗುವಿಗೆ ಜ್ವರ ಬಂದ ದಿನ ಮನೆಯಲ್ಲಿ ಉಳಿಯುವವರು ಯಾರು, ಅವರಿಗೆ ಆಗದಿದ್ದರೆ ಇನ್ಯಾರು. ಎರಡು ಹೆಸರು ಬರೆದು ಹಿಂತಿರುಗಿಸಬೇಕು. ಈ ಸಣ್ಣ ಕೆಲಸದಿಂದ ಆದಷ್ಟು ಪ್ರಯೋಜನ ನನ್ನ ಬೇರೆ ಯಾವ ಉಪದೇಶದಿಂದಲೂ ಆಗಿಲ್ಲ.

ನಿಯಮಗಳನ್ನು ಕೂಡ ಚಿಕ್ಕದಾಗಿಯೇ ಇಟ್ಟಿದ್ದೇನೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ಔಷಧವಿಲ್ಲದೆ 24 ಗಂಟೆ ಜ್ವರ ಮರುಕಳಿಸದಿದ್ದರೆ ಶಾಲೆಗೆ ಬರಬಹುದು. ವಾಂತಿ ಭೇದಿಯಾಗಿದ್ದರೆ ಕೊನೆಯ ಸಲದಿಂದ 48 ಗಂಟೆ ಮನೆಯಲ್ಲಿ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕುಗಟ್ಟುವವರೆಗೆ. ಜ್ವರವಿಲ್ಲದ ಬರಿಯ ಮೂಗು ಸೋರುವಿಕೆಗೆ, ತಲೆಯಲ್ಲಿ ಹೇನು ಕಂಡದ್ದಕ್ಕೆ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಹೇನು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ, ಹೆಚ್ಚಾಗಿ ತಲೆಗೆ ತಲೆ ತಾಗಿದಾಗ ದಾಟುತ್ತದೆ. ಇದನ್ನು ತರಗತಿಯ ಎದುರು ಹೇಳಿ ಮಗುವಿಗೆ ಅವಮಾನ ಮಾಡುವುದನ್ನು ನಾನು ಸಹಿಸುವುದಿಲ್ಲ. ಪೋಷಕರಿಗೆ ಮಾತ್ರ ತಿಳಿಸುತ್ತೇನೆ. ಜ್ವರಕ್ಕೆ ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ ಎಂದೂ ಪತ್ರದಲ್ಲಿರುತ್ತದೆ. ವೈರಸ್ ಜ್ವರದಲ್ಲಿ ಅದರಿಂದ ಮೆದುಳು, ಯಕೃತ್ತಿಗೆ ಹಾನಿ ಮಾಡುವ ರೈಸ್ ಸಿಂಡ್ರೋಮ್ ಬರಬಹುದು.

ಕೈತೊಳೆಯುವುದನ್ನು ಮಕ್ಕಳ ನೆನಪಿಗೆ ಬಿಟ್ಟರೆ ಅದು ನಡೆಯುವುದಿಲ್ಲ. ಊಟಕ್ಕೆ ಐದು ನಿಮಿಷ ಮೊದಲು ತರಗತಿಯನ್ನೇ ಸಾಲಾಗಿ ನಲ್ಲಿಯ ಬಳಿಗೆ ಕರೆದೊಯ್ಯುವಂತೆ ವೇಳಾಪಟ್ಟಿಯಲ್ಲಿ ಸೇರಿಸಿಕೊಳ್ಳಲು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು, ಹೆಬ್ಬೆರಳು ಮತ್ತು ಉಗುರಿನ ತುದಿ ತಪ್ಪಬಾರದು. ಸ್ಯಾನಿಟೈಜರ್ ಇದ್ದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ವಾಂತಿ ಭೇದಿ ತರುವ ನೊರೋವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು.

ಕೈತೊಳೆಯುವ ಜಾಗಕ್ಕಿಂತ ನಾನು ಹೆಚ್ಚು ಓಡಾಡಿದ್ದು ಶೌಚಾಲಯದ ವಿಷಯಕ್ಕೆ. ಹೊಸದಾಗಿ ಶಾಲೆಗೆ ಬರುವ ಚಿಕ್ಕ ಮಕ್ಕಳು, ಅದರಲ್ಲೂ ಹುಡುಗಿಯರು, ಚಿಲಕವಿಲ್ಲದ ಅಥವಾ ವಾಸನೆ ಬರುವ ಶೌಚಾಲಯಕ್ಕೆ ಹೋಗುವುದಿಲ್ಲ. ಹೋಗಬಾರದೆಂದು ನೀರೂ ಕುಡಿಯುವುದಿಲ್ಲ. ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳುತ್ತದೆ. ಫಲ ಮಲಬದ್ಧತೆ, ಉರಿಮೂತ್ರ, ಮೂತ್ರದ ಸೋಂಕು. ಮಗು ನೀರು ಕುಡಿಯುವುದಿಲ್ಲವೆಂದು ದೂರುವ ತಾಯಂದಿರಿಗೆ, ಮೊದಲು ಶೌಚಾಲಯ ಹೇಗಿದೆಯೆಂದು ಮಗುವನ್ನು ಕೇಳಿ ಎನ್ನುತ್ತೇನೆ. ಚಿಲಕ ಸರಿಪಡಿಸಿ, ದಿನಕ್ಕೆ ಎರಡು ಸಲ ತೊಳೆಸಿ, ಪಾಠದ ನಡುವೆ ಕೇಳಿದರೂ ಕಳಿಸಬೇಕೆಂದು ಶಿಕ್ಷಕರಿಗೆ ಹೇಳಿಸಿದ ಮೇಲೆ ಮಧ್ಯಾಹ್ನದ ಹೊಟ್ಟೆನೋವುಗಳು ಕಣ್ಣಿಗೆ ಕಾಣುವಷ್ಟು ಇಳಿದವು.

ಲಸಿಕೆಯ ಕಾರ್ಡು ನೋಡುವುದನ್ನೂ ರಜೆಯಲ್ಲೇ ಮುಗಿಸಿ. ದಡಾರ ಇರುವವರು ಕೆಮ್ಮಿ ಹೋದ ಕೋಣೆಯಲ್ಲಿ ವೈರಸ್ ಎರಡು ಗಂಟೆಯವರೆಗೂ ಗಾಳಿಯಲ್ಲಿ ಉಳಿಯಬಲ್ಲದು. ಎರಡು ಡೋಸ್ ಆಗಿಲ್ಲದಿದ್ದರೆ ಕೂಡಲೇ ಹಾಕಿಸಬೇಕು. ಚೀಲದ ತೂಕ ಮಗುವಿನ ತೂಕದ ಹತ್ತರಲ್ಲೊಂದು ಭಾಗ ದಾಟದಿರಲಿ.

ಕೊನೆಯದಾಗಿ, ವಾರದ ಮೊದಲ ದಿನ ಬೆಳಗ್ಗೆ ಬರುವ ಹೊಟ್ಟೆನೋವು. ಅದು ನಾಟಕ ಎಂದು ದೊಡ್ಡವರು ಬಹಳ ಬೇಗ ತೀರ್ಮಾನಿಸುತ್ತಾರೆ. ನೋವು ನಿಜವೇ ಆಗಿರುತ್ತದೆ, ಅದರ ಮೂಲ ಮಾತ್ರ ಆತಂಕದಲ್ಲಿರಬಹುದು. ಬ್ರಿಟನ್ನಿನ ವೈದ್ಯ ಜಾನ್ ಏಪ್ಲಿ ಸಹೋದ್ಯೋಗಿಯೊಂದಿಗೆ ಸಾವಿರ ಶಾಲಾ ಮಕ್ಕಳನ್ನು ಪರಿಶೀಲಿಸಿ 1958ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಹತ್ತರಲ್ಲೊಂದು ಮಗುವಿಗೆ ಮರುಕಳಿಸುವ ಹೊಟ್ಟೆನೋವಿತ್ತು. ನೋವು ಹೊಕ್ಕುಳಿನಿಂದ ದೂರವಾದಷ್ಟೂ ದೇಹದೊಳಗಿನ ಕಾಯಿಲೆಯನ್ನು ಹೆಚ್ಚು ಶಂಕಿಸಬೇಕು ಎಂಬ ಸೂತ್ರ ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ನಿದ್ರೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ಬಿಡದ ವಾಂತಿ ಇವುಗಳಲ್ಲಿ ಯಾವುದಿದ್ದರೂ ನೇರವಾಗಿ ವೈದ್ಯರ ಬಳಿಗೆ ಕಳಿಸುತ್ತೇನೆ. ಇವು ಯಾವುವೂ ಇಲ್ಲದ ಮಗುವನ್ನು ಸ್ವಲ್ಪ ಹೊತ್ತು ಮಲಗಿಸಿ, ನೀರು ಕುಡಿಸಿ, ಪಕ್ಕದಲ್ಲಿ ಕುಳಿತು ತರಗತಿಯಲ್ಲಿ ಯಾರ ಪಕ್ಕ ಕೂರುತ್ತೀಯೆಂದು ಕೇಳುತ್ತೇನೆ. ನೇರವಾಗಿ ಏನು ಭಯ ಎಂದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಪಕ್ಕದವರ ಮಾತು ಬಂದಾಗ ಹೆಚ್ಚಿನದು ಹೊರಬರುತ್ತದೆ. ಆಮೇಲೆ ತರಗತಿಗೇ ವಾಪಸು ಕಳಿಸುತ್ತೇನೆ, ಏಕೆಂದರೆ ಮನೆಗೆ ಹೋದ ದಿನಗಳು ಹೆಚ್ಚಿದಷ್ಟೂ ಮರಳಿ ಬರುವುದು ಕಷ್ಟವಾಗುತ್ತದೆ. ನೋವು ಮರುವಾರವೂ ಮುಂದುವರಿದರೆ ಪೋಷಕರನ್ನೂ ತರಗತಿಯ ಶಿಕ್ಷಕರನ್ನೂ ಒಟ್ಟಿಗೆ ಕೂರಿಸಿ ಮಾತನಾಡುತ್ತೇನೆ.