ವಾಯವ್ಯದ ಗಾಳಿ ಬಂದಾಗ ಕೇಪ್ ಮೇ

ಅಮೆರಿಕದ ನ್ಯೂಜೆರ್ಸಿಯ ಕೇಪ್ ಮೇ ಪಾಯಿಂಟ್ ಸ್ಟೇಟ್ ಪಾರ್ಕ್‌ಗೆ ಶರತ್ಕಾಲದಲ್ಲಿ ವಲಸೆ ಹಕ್ಕಿ ನೋಡಲು ಹೋಗುವಾಗ ನಾನು ಮೊದಲೇ ತಾರೀಖು ಗೊತ್ತು ಮಾಡುವುದಿಲ್ಲ. ವಾರ ಮಾತ್ರ ಗೊತ್ತು ಮಾಡುತ್ತೇನೆ. ದಿನವನ್ನು ಗಾಳಿಗೆ ಬಿಡುತ್ತೇನೆ.

ಯಾವ ವಾರ ಅನ್ನುವುದು ಯಾವ ಹಕ್ಕಿ ಬೇಕು ಅನ್ನುವುದರ ಮೇಲಿದೆ. ಬ್ರಾಡ್-ವಿಂಗ್ಡ್ ಗಿಡುಗಗಳಿಗೆ ಸೆಪ್ಟೆಂಬರ್ ನಡುಭಾಗ. ಗೋಲ್ಡನ್ ಈಗಲ್ ನೋಡಲೇಬೇಕು ಅಂದರೆ ಅಕ್ಟೋಬರ್ ಕೊನೆಯಿಂದ ಮುಂದೆ. ನನ್ನ ಆಯ್ಕೆ ಅಕ್ಟೋಬರ್ ಮೊದಲ ವಾರ. ಪೆರಿಗ್ರಿನ್, ಮರ್ಲಿನ್ ಎಂಬ ಚಾಣಗಳು (ಫಾಲ್ಕನ್), ಶಾರ್ಪ್-ಶಿನ್ಡ್ ಗಿಡುಗ ಎಲ್ಲವೂ ಆಗ ಸಿಗುತ್ತವೆ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ತಾಣವಾದ ಇಬರ್ಡ್‌ನ ಬಾರ್ ಚಾರ್ಟ್‌ನಲ್ಲಿ ಯಾವ ಹಕ್ಕಿ ಯಾವ ವಾರ ಅನ್ನುವುದು ಚೆನ್ನಾಗಿ ಕಾಣುತ್ತದೆ.

ಇನ್ನು ಗಾಳಿ. ಕೋಲ್ಡ್ ಫ್ರಂಟ್, ಅಂದರೆ ತಣ್ಣನೆ ಗಾಳಿಯ ಮುಂಚೂಣಿ, ದಾಟಿದ ಮೇಲೆ ವಾಯವ್ಯದಿಂದ ಬೀಸುತ್ತದಲ್ವಾ, ಅದೇ ಬೇಕು. ದಕ್ಷಿಣಕ್ಕೆ ಹೊರಟ ಹಕ್ಕಿಗಳನ್ನು ಅದು ಕರಾವಳಿಯತ್ತ ತಳ್ಳುತ್ತದೆ. ಕೇಪ್ ಮೇ ನೆಲದ ತುದಿ. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಡೆಲಾವೇರ್ ಕೊಲ್ಲಿ. ಆಲಿಕೆಗೆ ಸುರಿದಂತೆ ಹಕ್ಕಿಗಳೆಲ್ಲ ಅಲ್ಲಿಗೇ ಇಳಿದು ಬರುತ್ತವೆ. ಗಿಡುಗಗಳು ನೆಲದಿಂದ ಏಳುವ ಬಿಸಿಗಾಳಿಯ ಮೇಲೆ ತೇಲುವಂಥವು. ನೀರಿನ ಮೇಲೆ ಆ ಆಸರೆ ಕಡಿಮೆ. ಹಾಗಾಗಿ ಎಷ್ಟೋ ಹಕ್ಕಿಗಳು ಕೊಲ್ಲಿ ದಾಟಲು ಹಿಂಜರಿದು ತುದಿಯಲ್ಲೇ ಸುತ್ತುತ್ತವೆ. ನಮಗೆ ಅದೇ ಹಬ್ಬ. ಅದಕ್ಕೇ ನಾಲ್ಕೈದು ದಿನ ಮುಂಚಿನಿಂದ ಹವಾಮಾನ ನೋಡುತ್ತೇನೆ. ಹಿಂದಿನ ರಾತ್ರಿ ವಲಸೆ ತೋರಿಸುವ ಜಾಲತಾಣ ಬರ್ಡ್‌ಕಾಸ್ಟ್ ನೋಡುತ್ತೇನೆ. ರಾತ್ರಿ ಹಾರುವ ಚಿಕ್ಕ ಹಕ್ಕಿಗಳ ಓಡಾಟ ಅದರಲ್ಲಿ ರೇಡಾರ್ ಮೂಲಕ ಗೊತ್ತಾಗುತ್ತದೆ. ಅದು ಜೋರಾಗಿದ್ದರೆ ಬೆಳಕು ಹರಿಯುವ ಮುಂಚೆಯೇ ಅಲ್ಲಿರಬೇಕು. ಪುಟ್ಟ ಹಾಡುಹಕ್ಕಿಗಳಾದ ವಾರ್ಬ್ಲರ್‌ಗಳು ಪೊದೆಗಳಲ್ಲಿ ಕಾಣುವುದು ಆ ಹೊತ್ತಿನಲ್ಲೇ.

ಬಿಸಿಲೇರಿದ ಮೇಲೆ ಲೈಟ್‌ಹೌಸ್ ಹತ್ತಿರದ ಹಾಕ್‌ವಾಚ್ ಕಟ್ಟೆಗೆ ಬರುತ್ತೇನೆ. 1976ರಿಂದ ಇಲ್ಲಿ ಗಿಡುಗಗಳ ಎಣಿಕೆ ನಡೆಯುತ್ತಿದೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಎಣಿಸುವವರ ಮಾತು ಕಿವಿಗೆ ಬೀಳುವಷ್ಟು ಹತ್ತಿರ ನಿಲ್ಲಿ. ದೂರದ ಒಂದು ಚುಕ್ಕಿ ಕೂಪರ್ಸ್ ಗಿಡುಗವೋ ಶಾರ್ಪ್-ಶಿನ್ಡೋ ಅಂತ ಅವರು ಹೇಗೆ ಹೇಳುತ್ತಾರೆ ಅನ್ನುವುದನ್ನು ಕೇಳುತ್ತಾ ನಾನು ಕಲಿತದ್ದು ಪುಸ್ತಕಕ್ಕಿಂತ ಜಾಸ್ತಿ. ಬರೀ ನೀಲಿ ಆಕಾಶದಲ್ಲಿ ಹಕ್ಕಿ ಹುಡುಕುವುದು ಕಷ್ಟ. ಮೋಡದ ಅಂಚಿನ ಉದ್ದಕ್ಕೂ ದುರ್ಬೀನು ಆಡಿಸಿ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಸಾಕು.

ಟೋಪಿ, ನೀರು, ಗಾಳಿ ತಡೆಯುವ ಜಾಕೆಟ್ ಇರಲಿ.

ದಕ್ಷಿಣದ ಗಾಳಿ ಬೀಸಿದರೆ? ಗಿಡುಗಗಳ ಆಸೆ ಬಿಟ್ಟು ಕೊಳಗಳ ಸುತ್ತಲಿನ ಕಾಲುದಾರಿ ಹಿಡಿಯುತ್ತೇನೆ. ಬಾತು, ಕೊಕ್ಕರೆಗಳಿಗೆ ಗಾಳಿಯ ಹಂಗು ಅಷ್ಟಿಲ್ಲ.