ಮೊದಲು ಮಾತ್ರೆ ಕವರ್ ತನ್ನಿ

ಮನೆಗೆ ಕಾಲಿಟ್ಟ ಕೂಡಲೇ ಎಲ್ಲರೂ ನೋವಿನ ಜಾಗ ತೋರಿಸುತ್ತಾರೆ. ಕೆಲವು ಅಜ್ಜಿಯರಂತೂ ನಾನು ಚಪ್ಪಲಿ ಬಿಡುವಷ್ಟರಲ್ಲೇ ಮಂಡಿ ಮುಂದೆ ಚಾಚಿ ಕೂತಿರುತ್ತಾರೆ. ನಾನು ಮಾತ್ರ ಮೊದಲು ಬೇರೆ ಏನನ್ನೋ ಕೇಳುತ್ತೇನೆ. "ಮಾತ್ರೆ ಕವರ್ ತನ್ನಿ, ನೋಡೋಣ."

ಮಾತ್ರೆ ಕವರ್ ಅಂದರೆ ಗೊತ್ತಲ್ವಾ? ಬಟ್ಟೆ ಅಂಗಡಿಯ ಹಳೇ ಪ್ಲಾಸ್ಟಿಕ್ ಕವರ್. ಅದರೊಳಗೆ ಅರ್ಧ ಖಾಲಿಯಾದ ಸ್ಟ್ರಿಪ್‌ಗಳು, ಮಡಚಿ ಮಡಚಿ ಹರಿದ ಡಾಕ್ಟರ್ ಚೀಟಿ, ಎರಡು ವರ್ಷದ ಹಿಂದಿನ ರಕ್ತದ ರಿಪೋರ್ಟು, ಮಗ ಬೆಂಗಳೂರಿಂದ ತಂದುಕೊಟ್ಟ ವಿಟಮಿನ್ ಡಬ್ಬಿ. ಹಾಸನದ ಸುತ್ತಮುತ್ತ ಸ್ಕೂಟರ್‌ನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಲು ಶುರು ಮಾಡಿ 12 ವರ್ಷ ಆಯಿತು. ಈ ಕವರ್ ಕೇಳುವ ಅಭ್ಯಾಸ ಕಾಲೇಜಿನಲ್ಲಿ ಬಂದದ್ದಲ್ಲ. ನಾಲ್ಕು ವರ್ಷದ ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಆಮೇಲೆ ಆರು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಶುಗರ್, ಬಿಪಿ, ಹೃದಯ ಎಲ್ಲ ಓದಿದ್ದೆ. ಮಾರ್ಕ್ಸೂ ಬಂದಿತ್ತು. ಆದರೆ ಅದೆಲ್ಲ ಡಾಕ್ಟರ ಸಬ್ಜೆಕ್ಟು, ಕೀಲು, ಸ್ನಾಯು, ನರ ಮಾತ್ರ ನಮ್ಮದು ಅಂತ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದೆ.

ಆ ಗೆರೆ ಅಳಿಸಿದ್ದು ಒಬ್ಬ ರಿಟೈರ್ಡ್ ಮೇಷ್ಟ್ರ ಭುಜ.

ಅವರಿಗೆ ಬಲಭುಜ ಹಿಡಿದುಕೊಂಡಿತ್ತು. ಅಂಗಿ ಹಾಕಲೂ ಆಗುತ್ತಿರಲಿಲ್ಲ. ಫ್ರೋಝನ್ ಶೋಲ್ಡರ್. ಶುಗರ್ ಇರುವವರಲ್ಲಿ ಇದು ಜಾಸ್ತಿ, ಅಷ್ಟು ನನಗೆ ಗೊತ್ತಿತ್ತು. ಅವತ್ತು ಶನಿವಾರ, ಹನ್ನೊಂದೂವರೆ ಹೊತ್ತು. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ರಾಟೆ ಹಗ್ಗ ಎಲ್ಲ ಮಾಡಿಸುತ್ತಿದ್ದೆ. ಮೇಷ್ಟ್ರ ಹಣೆಯಲ್ಲಿ ಬೆವರು ಹನಿಯಿತು. ನೋವಿಗೆ ಅಂದುಕೊಂಡೆ. ಎಷ್ಟು ಸಲ ಆಯಿತು ಅಂತ ಕೇಳಿದರೆ ಸಂಬಂಧವಿಲ್ಲದ ಏನೋ ಹೇಳಿದರು. ಆಮೇಲೆ ಸಿಡುಕಿದರು. ಅವರು ಸಿಡುಕುವ ಮನುಷ್ಯರೇ ಅಲ್ಲ. ನಾನು ಮಾತ್ರ "ಇನ್ನು ಐದೇ ಸಲ ಸರ್" ಅನ್ನುತ್ತಾ ನಿಂತಿದ್ದೆ.

ಅಡುಗೆ ಮನೆಯಿಂದ ಅವರ ಹೆಂಡತಿ ಬಂದರು. ಮುಖ ನೋಡಿದ್ದೇ ತಡ, ಒಳಗೆ ಓಡಿ ಸಕ್ಕರೆ ನೀರು ತಂದು ಕುಡಿಸಿದರು. "ಇವತ್ತು ಶನಿವಾರ ಕಣಮ್ಮ, ಒಪ್ಪತ್ತು. ಬೆಳಿಗ್ಗೆ ಬರೀ ಕಾಫಿ ಕುಡ್ದವ್ರೆ. ಮಾತ್ರೆ ಮಾತ್ರ ತಪ್ಸಲ್ಲ." ಅವರದೇ ಮೀಟರ್‌ನಲ್ಲಿ ನೋಡಿದರೆ ಶುಗರ್ 52. ಡಿಗ್ರಿ ನನ್ನ ಕೈಯಲ್ಲಿತ್ತು, ಕಾಯಿಲೆ ಗುರುತಿಸಿದ್ದು ಅವರು.

15 ನಿಮಿಷ ಬಿಟ್ಟು ನೋಡಿದಾಗ 84ಕ್ಕೆ ಬಂತು. ಆಮೇಲೆ ಆಯಮ್ಮ ಒಪ್ಪತ್ತು ಗಿಪ್ಪತ್ತು ಅಂತ ನೋಡದೆ ಮೊಸರನ್ನ ತಿನ್ನಿಸಿದರು. ನಾನು ಮೂಲೆಯಲ್ಲಿ ಕೂತು ಅವರ ಮಾತ್ರೆ ಕವರ್ ಬಿಚ್ಚಿದೆ. ಎಲ್ಲ ಅದರಲ್ಲೇ ಇತ್ತು.

ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್, ಎರಡೂ ಶುಗರ್ ಮಾತ್ರೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಶುಗರ್ ಹೀಗೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಕತೆ ಬೇರೆ. ಹೊಟ್ಟೆಗೆ ಊಟ ಬಿದ್ದಿರಲಿ ಬಿಡಲಿ, ಇವು ತಮ್ಮ ಕೆಲಸ ಮಾಡುತ್ತವೆ. ಅದರ ಮೇಲೆ ನಾವು ವ್ಯಾಯಾಮ ಮಾಡಿಸಿದರೆ ಸ್ನಾಯುಗಳೂ ಸಕ್ಕರೆ ಎಳೆದುಕೊಳ್ಳುತ್ತವೆ. ಕವರಿನಲ್ಲಿ ಇನ್ನೊಂದು ಸ್ಟ್ರಿಪ್ ಇತ್ತು: ಮೆಟೊಪ್ರೊಲಾಲ್. ಬಿಪಿಗೆ ಕೊಟ್ಟದ್ದು. ಶುಗರ್ ಇಳಿದಾಗ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ ಅಂತ ನಾವೆಲ್ಲ ಓದಿರುತ್ತೇವೆ. ಈ ಗುಂಪಿನ ಮಾತ್ರೆ ಆ ಎರಡನ್ನೂ ಮುಚ್ಚಿಬಿಡುತ್ತದೆ. ಬೆವರನ್ನು ಮುಚ್ಚುವುದಿಲ್ಲ. ಅವತ್ತು ಮೇಷ್ಟ್ರ ಮೈ ನನಗೆ ಕೊಟ್ಟ ಸುಳಿವು ಆ ಬೆವರು, ಆ ಸಿಡುಕು, ಅಷ್ಟೇ.

ಅವತ್ತಿನಿಂದ ನನ್ನ ಬ್ಯಾಗಿನಲ್ಲಿ ಮೀಟರ್ ಇದೆ, ಗ್ಲೂಕೋಸ್ ಪುಡಿ ಇದೆ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಚಮಚ, ನೀರಲ್ಲಿ ಕದಡಿ ಕೊಡುತ್ತೇನೆ. 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಚಾಕೊಲೇಟ್ ಕೊಡುವವರಿದ್ದಾರೆ, ಅದರಲ್ಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೆತ್ತಿಗೆ ಹತ್ತುತ್ತದೆ. ಅಂಥವರನ್ನು ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಎಲ್ಲಿ ಚುಚ್ಚಿದಿರಿ ಅಂತಲೂ ಕೇಳುತ್ತೇನೆ. ತೊಡೆಗೆ ಚುಚ್ಚಿಕೊಂಡು ಅದೇ ಕಾಲಿಗೆ ವ್ಯಾಯಾಮ ಮಾಡಿದರೆ ಮೈ ಔಷಧವನ್ನು ಬೇಗ ಹೀರಿಕೊಳ್ಳುತ್ತದೆ. ಮನೆಗೆ ಹೋಗುವ ಹೊತ್ತನ್ನೂ ಬದಲಾಯಿಸಿದೆ. ಊಟಕ್ಕೆ ಮುಂಚಿನ ಹಸಿದ ಹೊತ್ತಿನಲ್ಲಿ ಶುಗರ್ ಪೇಷಂಟ್ ಇಟ್ಟುಕೊಳ್ಳುವುದಿಲ್ಲ. ಶನಿವಾರ, ಏಕಾದಶಿ, ರಂಜಾನ್ ಉಪವಾಸ ಎಲ್ಲ ನನ್ನ ಡೈರಿಯಲ್ಲಿ ಇರುತ್ತದೆ.

ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ಇನ್ನೊಂದು ಕಡೆಯೂ ನಮ್ಮನ್ನು ಏಮಾರಿಸುತ್ತದೆ. 220ರಿಂದ ವಯಸ್ಸು ಕಳೆದು, ಅದರ ಇಷ್ಟು ಭಾಗ ನಾಡಿ ಬಂದರೆ ಸಾಕು ಅಂತ ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕ ಇವರಲ್ಲಿ ನಡೆಯುವುದಿಲ್ಲ. ಮಾತ್ರೆ ನಾಡಿಯನ್ನು ಹಿಡಿದಿಟ್ಟಿರುತ್ತದೆ. ಪೇಷಂಟ್ ಏದುಸಿರು ಬಿಡುತ್ತಿದ್ದರೂ ನಾಡಿ 90. ಇಂಥವರಿಗೆ ಬೋರ್ಗ್ ಸ್ಕೇಲ್ ಬಳಸಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ್ದು. ಎಷ್ಟು ಶ್ರಮ ಅನ್ನಿಸುತ್ತದೆ ಅಂತ 6ರಿಂದ 20ರೊಳಗೆ ಪೇಷಂಟೇ ನಂಬರ್ ಹೇಳಬೇಕು. 11ರಿಂದ 13 ಇದ್ದರೆ ಸಾಮಾನ್ಯವಾಗಿ ಸರಿ. ನಮ್ಮ ಕಡೆ ಅದು ನಡೆಯುವುದು ಕಷ್ಟ. ಎಷ್ಟು ಅಂತ ಕೇಳಿದರೆ "ಪರ್ವಾಗಿಲ್ಲ ಬಿಡಿ" ಅನ್ನುತ್ತಾರೆ. ಪರ್ವಾಗಿಲ್ಲಕ್ಕೆ ನಂಬರ್ ಎಷ್ಟು? ಅದಕ್ಕೇ ನಾನು ಮಾತಾಡಿಸುತ್ತಲೇ ವ್ಯಾಯಾಮ ಮಾಡಿಸುತ್ತೇನೆ. ಒಂದು ವಾಕ್ಯ ಮುಗಿಸುವುದರೊಳಗೆ ಮಧ್ಯೆ ಉಸಿರು ಎಳೆದರೆ ನಿಲ್ಲಿಸುತ್ತೇನೆ. ಮೇಷ್ಟ್ರಿಗಂತೂ ಮಗ್ಗಿ ಹೇಳಿಸುತ್ತಿದ್ದೆ. ಉಸಿರೂ ಗೊತ್ತಾಗುತ್ತದೆ, ತಲೆ ಮಂಕಾದರೆ ಅದೂ ಗೊತ್ತಾಗುತ್ತದೆ.

ಭುಜದ ವಿಷಯ ಬಂದಾಗ ಇನ್ನೊಂದು ಮಾತು. ಭುಜದ್ದೇ ನೋವಾದರೆ ಕೈ ಎತ್ತಿದಾಗ, ತಿರುಗಿಸಿದಾಗ ಬರಬೇಕು. ಮೆಟ್ಟಿಲು ಹತ್ತಿದರೆ ಬಂದು, ಕೂತರೆ ಹೋಗುವ ನೋವು ಭುಜದ್ದಲ್ಲ, ಹೃದಯದ್ದಿರಬಹುದು. ಶುಗರ್ ಹಳೆಯದಾದವರಲ್ಲಿ ಹೃದಯದ ತೊಂದರೆ ಎದೆನೋವೇ ಇಲ್ಲದೆಯೂ ಬರಬಹುದು. ಅಂಥವರನ್ನು ಮುಟ್ಟದೆ ಇಸಿಜಿಗೆ ಕಳಿಸಿದ್ದೇನೆ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಂಡಿನೋವಿನ ಅಜ್ಜಿಯೊಬ್ಬರಿಗೆ "ದಿನಾ ಬಿಸಿ ಶಾಖ ಕೊಟ್ಟುಕೊಳ್ಳಿ" ಅಂತ ಹೇಳಿ ಬಂದಿದ್ದೆ. ಹೇಳಲು ಎಷ್ಟು ಸುಲಭ! ಅಜ್ಜಿ ಮಂಡಿಗೆ ಕೊಟ್ಟ ಮೇಲೆ ಬಿಸಿನೀರಿನ ಬ್ಯಾಗನ್ನು ಪಾದದ ಮೇಲೂ ಇಟ್ಟುಕೊಂಡಿದ್ದಾರೆ. ಬಿಸಿಯೇ ಗೊತ್ತಾಗಲಿಲ್ಲವಂತೆ. ನಾನು ಮುಂದಿನ ಸಲ ಹೋದಾಗ ಹೆಬ್ಬೆರಳ ಪಕ್ಕ ಅಂಗೈಯಗಲ ಬೊಬ್ಬೆ. ಶುಗರ್‌ನಿಂದ ಪಾದದ ಸ್ಪರ್ಶ ಹೋಗಿತ್ತು. ಅದು ಮಾಯಲು ಮೂರು ತಿಂಗಳು ಹಿಡಿಯಿತು. ಮನೆಯವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ಶಾಖದ ಮಾತು ಎತ್ತುವ ಮುಂಚೆ ಪಾದ ನೋಡುತ್ತೇನೆ. 10 ಗ್ರಾಮಿನ ಮೋನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಬರುತ್ತದೆ. ಕಣ್ಣು ಮುಚ್ಚಿಸಿ ಅದು ಬಾಗುವಷ್ಟು ಒತ್ತಿದರೆ ಪೇಷಂಟಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಅಲ್ಲಿಗೆ ಶಾಖವೂ ಇಲ್ಲ, ಬರಿಗಾಲಲ್ಲಿ ನಡೆಸುವುದೂ ಇಲ್ಲ. ಬೆರಳ ಸಂದಿ, ಹಿಮ್ಮಡಿ, ಚಪ್ಪಲಿಯ ಒಳಭಾಗ ಎಲ್ಲ ನೋಡುತ್ತೇನೆ. "ಇನ್ನೂ ಬಿಸಿ ಇರ್ಲಿ ಕಣವ್ವ, ಏನೂ ಗೊತ್ತಾಗ್ತಿಲ್ಲ" ಅಂತ ಯಾರಾದರೂ ಅಂದರೆ ಈಗ ನನಗೇ ಬೆವರುತ್ತದೆ.

ಕವರಿನಲ್ಲಿ ಸ್ಟ್ರಿಪ್ ಇರುವುದಷ್ಟೇ ಅಲ್ಲ, ಇಲ್ಲದಿರುವುದೂ ಮಾತಾಡುತ್ತದೆ. ಒಮ್ಮೆ ಮಂಡಿ ಬದಲಿಸಿದ ಆಪರೇಷನ್ ಆಗಿ ಒಂಬತ್ತನೇ ದಿನದ ಒಬ್ಬರ ಮನೆಗೆ ಹೋದೆ. ಮಗ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ. "ಮೀನಖಂಡ ಗಟ್ಟಿ ಹಿಡ್ಕೊಂಡಿದೆ ಮೇಡಂ, ಸ್ವಲ್ಪ ಚೆನ್ನಾಗಿ ಉಜ್ಜಿ." ಕವರ್ ನೋಡಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿದ್ದ ಮಾತ್ರೆಯ ಸ್ಟ್ರಿಪ್ ಖಾಲಿ. ಮುಗಿಯಿತಲ್ಲ ಅಂತ ಬಿಟ್ಟಿದ್ದರು. ಚೀಟಿಯಲ್ಲಿ ಇನ್ನೂ ದಿನಗಳು ಬಾಕಿ ಇದ್ದವು. ಟೇಪು ತೆಗೆದು ಎರಡೂ ಕಾಲು ಅಳೆದೆ, ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ. 3 ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು.

ಇಲ್ಲೊಂದು ತೊಡಕಿದೆ. ಮಂಡಿ ಆಪರೇಷನ್ ಆದ ಕಾಲು ಊದುವುದು ಸಹಜವೇ. ಹಾಗಾಗಿ ಊತ ಕಂಡ ಮಾತ್ರಕ್ಕೆ ಹೆಪ್ಪು ಅಂತ ಹೇಳಲು ಬರುವುದಿಲ್ಲ, ಅಲ್ಲ ಅಂತ ಹೇಳಲೂ ಬರುವುದಿಲ್ಲ. ಪಾದ ಮೇಲಕ್ಕೆ ಮಡಿಸಿ ಮೀನಖಂಡ ನೋಯುತ್ತದಾ ಅಂತ ನೋಡುವ ಹಳೇ ಪರೀಕ್ಷೆ ಒಂದಿದೆ, ಅದನ್ನು ನಂಬಿ ಕೂರುವಂತಿಲ್ಲ. ಹೆಪ್ಪು ಇದ್ದು ಉಜ್ಜಿದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ನಾನು ಎಣ್ಣೆ ಮುಟ್ಟಲಿಲ್ಲ. ಇವತ್ತೇ ಡಾಪ್ಲರ್, ಅಂದರೆ ರಕ್ತನಾಳದ ಸ್ಕ್ಯಾನ್, ಮಾಡಿಸಿ ಅಂದೆ. ಮಗನಿಗೆ ಸಿಟ್ಟು. "ಅಷ್ಟು ದೂರದಿಂದ ಬಂದು ಕಾಲೇ ಮುಟ್ಟಲಿಲ್ವಲ್ಲ" ಅಂತ ಹಿಂದಿನಿಂದ ಅಂದದ್ದು ಕೇಳಿಸಿತು. ರಾತ್ರಿ ಅವನೇ ಫೋನ್ ಮಾಡಿದ. ಹೆಪ್ಪು ಇತ್ತು, ಅಡ್ಮಿಟ್ ಮಾಡಿಕೊಂಡಿದ್ದರು.

ಬಿಪಿ ವಿಷಯದಲ್ಲಿ ಎಲ್ಲರೂ ಜಾಸ್ತಿಯಾಗುವುದಕ್ಕೆ ಹೆದರುತ್ತಾರೆ. ಕೂತಾಗಲೇ 180/110 ದಾಟಿದ್ದರೆ ನಾನೂ ಅವತ್ತು ವ್ಯಾಯಾಮ ಮಾಡಿಸುವುದಿಲ್ಲ. ಆದರೆ ನನ್ನ ಕೈಯಲ್ಲಿ ಜನ ಬೀಳಲು ಹೋದದ್ದು ಜಾಸ್ತಿ ಬಿಪಿಯಿಂದಲ್ಲ, ಎದ್ದು ನಿಂತಾಗ ಇಳಿಯುವ ಬಿಪಿಯಿಂದ. ಸ್ಟ್ರೋಕ್ ಆದ ಒಬ್ಬ ತಾತ ನಿಲ್ಲಿಸಿದ ಕೂಡಲೇ ಕೂರುತ್ತಿದ್ದರು. ಭಯ ಅಂತ ಮನೆಯವರು ಬೈಯುತ್ತಿದ್ದರು. ಮಲಗಿದಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಬಿಪಿ ನೋಡಿದೆ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ತೊಂದರೆ ಅಂತ ಲೆಕ್ಕ. ತಾತನದು 34 ಇಳಿಯಿತು. ಕವರಿನಲ್ಲಿ ಟ್ಯಾಮ್ಸುಲೋಸಿನ್ ಇತ್ತು, ಪ್ರಾಸ್ಟೇಟ್‌ಗೆ ಕೊಡುವುದು. ಮೂತ್ರದ ಮಾತ್ರೆಗೂ ತಲೆಸುತ್ತಿಗೂ ನಂಟು ಇರಬಹುದು ಅಂತ ಮನೆಯಲ್ಲಿ ಯಾರಿಗೆ ಹೊಳೆಯುತ್ತದೆ? ಬಿಪಿ ಮಾತ್ರೆಯೂ ಜೊತೆಗಿತ್ತು.

ನಾನು ಮಾತ್ರೆ ಬದಲಿಸಲಿಲ್ಲ. ಅದು ನನ್ನ ಕೆಲಸ ಅಲ್ಲ, ಎಷ್ಟೇ ಗೊತ್ತಿದ್ದರೂ ಅಲ್ಲ. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕಳಿಸಿದೆ. ಮೊದಮೊದಲು ಇಡೀ ಪುಟ ಬರೆಯುತ್ತಿದ್ದೆ, ಯಾರೂ ಓದುತ್ತಿರಲಿಲ್ಲ. ಈಗ ಮೂರೇ ಸಾಲು: ಏನು ಕಂಡೆ, ಎಷ್ಟು ಅಳತೆ, ಏನು ಕೇಳಬೇಕು. ಡಾಕ್ಟರ್ ಮಾತ್ರೆಯ ಹೊತ್ತು ಬದಲಿಸಿದರು. ನಾನು ನನ್ನ ಪಾಲಿನದು ಮಾಡಿದೆ. ಮಂಚದ ಅಂಚಿನಲ್ಲಿ ಕೂರಿಸಿ ಪಾದ ಮೇಲೆ ಕೆಳಗೆ ಆಡಿಸುವುದು, ಸ್ವಲ್ಪ ನೀರು, ಆಮೇಲೆ ನಿಲ್ಲುವುದು. ಎರಡು ವಾರಕ್ಕೆ ತಾತ ಜಗಲಿಗೆ ಬಂದರು.

ಪಾರ್ಕಿನ್ಸನ್ ಇರುವವರಲ್ಲಿ ಮಾತ್ರೆಯ ಹೆಸರಿಗಿಂತ ಗಡಿಯಾರ ಮುಖ್ಯ. ಒಬ್ಬರಿಗೆ ಸಂಜೆ ನಾಲ್ಕಕ್ಕೆ ಹೋಗಿ ಹೋಗಿ ಬೇಸತ್ತಿದ್ದೆ. ಮರದ ಕೊರಡಿನ ಹಾಗೆ ಇರುತ್ತಿದ್ದರು. ಕೇಳಿದರೆ ಲೆವೊಡೋಪ ಮಾತ್ರೆ ನಾಲ್ಕೂವರೆಗೆ. ಅಂದರೆ ಹಿಂದಿನ ಮಾತ್ರೆಯ ಬಲ ಪೂರ್ತಿ ಇಳಿದ ಹೊತ್ತಿಗೆ ಸರಿಯಾಗಿ ನಾನು ಹಾಜರ್! ಐದೂವರೆಗೆ ಹೋಗಲು ಶುರು ಮಾಡಿದೆ. ಅದೇ ಮನುಷ್ಯ ಅಂಗಳದಲ್ಲಿ ನನ್ನ ಜೊತೆ ನಡೆದರು.

ಉಳಿದವು ಚಿಕ್ಕ ಚಿಕ್ಕ ವಿಷಯ, ಮರೆತರೆ ದೊಡ್ಡದಾಗುವಂಥವು. ಡಯಾಲಿಸಿಸ್‌ಗೆ ಅಂತ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಕೈಗೆ ಬಿಪಿ ಪಟ್ಟಿ ಕಟ್ಟಬಾರದು. ಬೀಡಿ ಸೇದಿ ಶ್ವಾಸಕೋಶ ಕೆಟ್ಟು ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಂಡವರಿಗೆ ಬೆರಳಿಗೆ ಹಾಕುವ ಮೀಟರ್‌ನಲ್ಲಿ ಆಕ್ಸಿಜನ್ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. 98 ಬರಲಿ ಅಂತ ಮನೆಯವರು ಗುಂಡಿ ತಿರುಗಿಸುತ್ತಾ ಹೋಗುವುದು ಅಪಾಯ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ನಾನು ಬೆನ್ನಿಗೆ ಕೈ ಹಾಕುವುದಿಲ್ಲ. ನಮ್ಮಲ್ಲಿ ಬೆನ್ನುಮೂಳೆಯ ಟಿಬಿ ಇನ್ನೂ ಇದೆ. ಕೂರುವ ಜಾಗ ಜೋಮು ಹಿಡಿದು ಮೂತ್ರ ಕಟ್ಟಿದರೆ ನಾಳೆ ಅನ್ನುವ ಮಾತೇ ಇಲ್ಲ, ಅವತ್ತೇ ಆಸ್ಪತ್ರೆ.

ಕಳೆದ ತಿಂಗಳು ಮೇಷ್ಟ್ರು ಮತ್ತೆ ಕರೆದರು. ಈ ಸಲ ಎಡಭುಜ. ಶುಗರ್ ಇರುವವರಿಗೆ ಇನ್ನೊಂದು ಕಡೆಯೂ ಹಿಡಿಯುವುದು ಜಾಸ್ತಿ. ಬಾಗಿಲಲ್ಲೇ ಕವರ್ ಹಿಡಿದು ನಿಂತಿದ್ದರು, ಕೇಳುವ ಮೊದಲೇ. ಹಗ್ಗ ಎಳೆಸುತ್ತಾ "ಹದಿನೇಳರ ಮಗ್ಗಿ ಹೇಳಿ ಸರ್" ಅಂದೆ. ಹದಿನೇಳೇಳಲೆ ನೂರಾ ಹತ್ತೊಂಬತ್ತರ ತನಕ ಬಂದು ನಿಂತುಬಿಟ್ಟರು. ಹಣೆ ನೋಡಿದೆ, ಬೆವರಿಲ್ಲ. ಆದರೂ ಮೀಟರ್‌ಗೆ ಕೈ ಹಾಕಿದೆ.

"ಶುಗರ್ ಸರಿಯಾಗಿದೆ ಮೇಡಂ. ಈ ಮಗ್ಗಿ ನನಗೆ ಹುಟ್ಟಾ ಬರಲ್ಲ. ನಾನು ಕನ್ನಡ ಮೇಷ್ಟ್ರು."

ಆದರೂ ಬೆರಳು ಚುಚ್ಚಿದೆ. 132.