'ನಮ್ಮ ವಂಶವೇ ಹೀಗೆ ಡಾಕ್ಟ್ರೇ' ಅಂದಾಗ ನಾನು ಕೇಳುವ ಪ್ರಶ್ನೆಗಳು

ತೂಕ ಜಾಸ್ತಿ ಇರುವ ಮಗುವನ್ನು ಕರೆತರುವ ಅಪ್ಪ ಅಮ್ಮ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. 'ನಮ್ಮ ವಂಶವೇ ಹೀಗೆ', ಇಲ್ಲವೇ 'ಇವನಿಗೆ ಬಾಯಿ ಕಟ್ಟೋದೇ ಗೊತ್ತಿಲ್ಲ'. ನನ್ನ ಮಟ್ಟಿಗೆ ಎರಡೂ ಒಂದೇ ಮಾತು.

ಮೊದಲು ಬೆಳವಣಿಗೆಯ ಚಾರ್ಟ್ ನೋಡುತ್ತೇನೆ. ತೂಕದ ಜೊತೆ ಎತ್ತರವೂ ಚೆನ್ನಾಗಿ ಏರಿದ್ದರೆ ಥೈರಾಯ್ಡ್ ಪರೀಕ್ಷೆಗೆ ಹೋಗುವುದಿಲ್ಲ. ಹಾರ್ಮೋನ್ ತೊಂದರೆಯಲ್ಲಿ ಸಾಮಾನ್ಯವಾಗಿ ಎತ್ತರವೇ ಹಿಂದೆ ಬೀಳುತ್ತದೆ. ಐದು ವರ್ಷದೊಳಗೇ ವಿಪರೀತ ತೂಕ, ಎಷ್ಟು ಕೊಟ್ಟರೂ ತಣಿಯದ ಹಸಿವು ಇದ್ದರೆ ಮಾತ್ರ ಜೀನ್ ಪರೀಕ್ಷೆಗೆ ಕಳಿಸುತ್ತೇನೆ. ಎಂಸಿ4ಆರ್ ಎಂಬ ಒಂದೇ ಜೀನ್ ಕೆಟ್ಟು ಹೀಗಾಗುವುದುಂಟು. ಆದರೆ ಅಂಥ ಮಕ್ಕಳು ಕಡಿಮೆ.

ಉಳಿದವರಲ್ಲಿ 'ದಪ್ಪದ ಜೀನ್' ಅಂತ ಒಂದಿಲ್ಲ. ನೂರಾರು ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿ ಕೆಲಸ ಮಾಡುತ್ತವೆ. 2007ರಲ್ಲಿ ಎಫ್‌ಟಿಒ ಎಂಬ ಜೀನ್‌ನಲ್ಲಿ ಸಿಕ್ಕ ವ್ಯತ್ಯಾಸದ ಪರಿಣಾಮ ಇವುಗಳಲ್ಲಿ ದೊಡ್ಡದು. ಅದರ ತೂಕ ಹೆಚ್ಚಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ, ದೊಡ್ಡವರಲ್ಲಿ ಸರಾಸರಿ 3 ಕೆಜಿ ಹೆಚ್ಚು, ಅಷ್ಟೇ! ಅದಕ್ಕೇ 'ಟೆಸ್ಟ್ ಬರ್ಕೊಡಿ' ಅಂದರೆ ಬೇಡ ಅನ್ನುತ್ತೇನೆ. ರಿಪೋರ್ಟ್ ಬಂದರೂ ನನ್ನ ಸಲಹೆ ಬದಲಾಗುವುದಿಲ್ಲ.

ಇಂಥ ಜೀನ್‌ಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಮಿದುಳಿನಲ್ಲಿ, ಹಸಿವು ಮತ್ತು 'ಸಾಕು' ಅನ್ನಿಸುವ ಕಡೆ. ಹಾಗಾಗಿ ನಾನು ಕೇಳುವುದು: ತಟ್ಟೆಯಲ್ಲಿ ಬಿಟ್ಟು ಏಳುತ್ತಾನಾ? ಹೊಟ್ಟೆ ತುಂಬಿದ ಮೇಲೂ ಕಣ್ಣಿಗೆ ಬಿದ್ದದ್ದಕ್ಕೆ ಕೈ ಹಾಕುತ್ತಾನಾ? ಒಬ್ಬ ತಾಯಿ, 'ಅಕ್ಕ ಅರ್ಧಕ್ಕೇ ಎದ್ದು ಹೋಗ್ತಾಳೆ, ಇವನು ಅವಳದ್ದನ್ನೂ ಮುಗಿಸ್ತಾನೆ' ಅಂದರು. ಒಂದೇ ಮನೆ, ಒಂದೇ ಅಡುಗೆ. ಆದರೆ ಒಡಹುಟ್ಟಿದವರಿಗೂ ಜೀನ್‌ಗಳ ಪಾಲು ಬೇರೆ ಬೇರೆ, ಅಲ್ವಾ?

ಅಜ್ಜಿ ಜೊತೆಗೆ ಬಂದು ಸೊಸೆಯನ್ನು ದೂರುತ್ತಿದ್ದರೆ 1986ರ ಡೆನ್ಮಾರ್ಕ್ ಅಧ್ಯಯನದ ವಿಷಯ ತೆಗೆಯುತ್ತೇನೆ. ದತ್ತು ಹೋಗಿ ಬೆಳೆದು ದೊಡ್ಡವರಾದವರ ತೂಕ ಹೆತ್ತವರನ್ನು ಹೋಲುತ್ತಿತ್ತು, ಸಾಕಿದವರನ್ನಲ್ಲ. ಇದನ್ನು ಕೇಳಿ 'ಹಾಗಾದ್ರೆ ಏನು ಮಾಡಿಯೂ ಉಪಯೋಗವಿಲ್ಲ' ಅಂತ ಕೈಚೆಲ್ಲುವವರೂ ಇದ್ದಾರೆ. ಅವರಿಗೆ ಹೇಳುವುದಿಷ್ಟೇ: ಕೆಲವೇ ದಶಕಗಳಲ್ಲಿ ದಪ್ಪ ಮಕ್ಕಳು ಇಷ್ಟು ಹೆಚ್ಚಾದರು, ಅಷ್ಟರಲ್ಲಿ ಜೀನ್ ಬದಲಾಗುವುದಿಲ್ಲ. ಸುತ್ತ ತಿನ್ನಲು ಸಿಗುವುದು ಬದಲಾಯಿತು. ಬೇಗ 'ಸಾಕು' ಅನ್ನಿಸದ ಮಗುವಿಗೆ ಅದರ ಪೆಟ್ಟು ಜಾಸ್ತಿ.

ಆಮೇಲಿನ ಕೆಲಸ ದೊಡ್ಡವರದ್ದು. ಪಾತ್ರೆಗಳನ್ನು ಮಗುವಿನ ಮುಂದಿಡದೆ ಅಡುಗೆಮನೆಯಲ್ಲೇ ಬಡಿಸಿ ತರುವುದು. ಕರಿದದ್ದು, ಸಿಹಿ ಪಾನೀಯ ಮನೆಯಲ್ಲಿ ಯಾರಿಗೂ ತರದಿರುವುದು. ಮಗುವಿಗೊಂದು, ಉಳಿದವರಿಗೊಂದು ಅಂದರೆ ನಡೆಯುವುದಿಲ್ಲ. ಬೆಳೆಯುವ ಮಗುವಿಗೆ ತೂಕ ಇಳಿಸಲೇಬೇಕು ಅಂತ ಸಾಮಾನ್ಯವಾಗಿ ಹೇಳುವುದಿಲ್ಲ. ತೂಕ ಅಲ್ಲೇ ನಿಂತು ಎತ್ತರ ಏರಿದರೆ ಬಿಎಂಐ, ಅಂದರೆ ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆ, ತಾನೇ ಇಳಿಯುತ್ತದೆ. ಮುಂದಿನ ಸಲ ಬಂದಾಗ ನಾನು ಮೊದಲು ಅಳೆಯುವುದೂ ಎತ್ತರವನ್ನೇ.